‘ಈ ರೂಲ್ಸು ಯಾರು ಮಾಡಿದ್ದು, ಮಿಸ್?’

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ವಿಷಯ: ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ಸರ್ಕಾರ, ಕಾನೂನು, ಎಲ್ಲರೂ ಒಪ್ಪಿ ನಡೆಯುವ ಮೌಲ್ಯಗಳನ್ನು ಹೇಗೆ ತಿಳಿಸುವುದು? ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗಳಿಗೆ ಐದು ವರ್ಷ. ‘ಸರ್ಕಾರ ಅಂದ್ರೆ ಯಾರಮ್ಮ? ಅದರ ಮನೆ ಎಲ್ಲಿದೆ?’ ಅಂತ ಕೇಳುತ್ತಾಳೆ. ದೇಶ, ರಾಜಧಾನಿ, ಮಂತ್ರಿ ಅಂತ ಶುರುಮಾಡಿದರೆ ಎದ್ದೇ ಹೋಗುತ್ತಾಳೆ. ಎಲ್ಲಿಂದ ಹಿಡಿಯಲಿ?

ಬೀದಿಯಿಂದ ಹಿಡಿಯಿರಿ. ಐದು ವರ್ಷದ ಮಗುವಿಗೆ ಸರ್ಕಾರ ಅಂದರೆ ದೊಡ್ಡ ಮನೆಯಲ್ಲಿ ಕೂತ ಒಬ್ಬ ದೊಡ್ಡ ಮನುಷ್ಯ. ಅದನ್ನು ತಿದ್ದುವ ಅವಸರ ಬೇಡ, ತಾನೇ ತಿದ್ದಿಕೊಳ್ಳುತ್ತದೆ. ಕೈಹಿಡಿದು ಹತ್ತು ನಿಮಿಷ ನಡೆಯುತ್ತಾ ಬೀದಿದೀಪ, ರಸ್ತೆ, ಕಸದ ಗಾಡಿ, ಪಾರ್ಕಿನ ಬೆಂಚು, ಹೀಗೆ ನಾಲ್ಕೈದು ವಸ್ತು ತೋರಿಸಿ ಮೂರೇ ಪ್ರಶ್ನೆ ಕೇಳಿ: ಇದು ಯಾರದ್ದು? ಕೆಟ್ಟರೆ ಯಾರು ಸರಿಮಾಡಬೇಕು? ಅದಕ್ಕೆ ದುಡ್ಡು ಎಲ್ಲಿಂದ ಬರುತ್ತೆ?

ಮೊದಲ ಪ್ರಶ್ನೆಗೆ ಬಹುತೇಕ ಮಕ್ಕಳು ‘ಯಾರದ್ದೂ ಅಲ್ಲ’ ಎನ್ನುತ್ತಾರೆ. ನಿಲ್ಲಬೇಕಾದ್ದು ಅಲ್ಲೇ. ‘ಯಾರದ್ದೂ ಅಲ್ಲ’ ಎನ್ನುವುದಕ್ಕೂ ‘ಎಲ್ಲರದ್ದು’ ಎನ್ನುವುದಕ್ಕೂ ಇರುವ ಅಂತರ ಗೊತ್ತಾದರೆ ಈ ವಯಸ್ಸಿಗೆ ಅರ್ಧ ಪಾಠ ಮುಗಿದ ಹಾಗೆ. ಅದನ್ನು ಮನೆಯಲ್ಲೇ ಮಾಡಿ ತೋರಿಸಬಹುದು. ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಬಣ್ಣದ ಕಡ್ಡಿಗಳಲ್ಲಿ, ಪೆನ್ನುಗಳಲ್ಲಿ ಎರಡೆರಡನ್ನು ಒಂದು ಡಬ್ಬಿಗೆ ಹಾಕಲಿ. ಒಂದು ವಾರ ಆ ಡಬ್ಬಿ ಎಲ್ಲರದ್ದು. ಎರಡು ದಿನಕ್ಕೇ ಒಂದು ಪೆನ್ನಿನ ಮುಚ್ಚಳ ಕಾಣೆ, ಒಂದು ಕಡ್ಡಿ ಮುರಿದಿದೆ, ಒಂದು ಯಾರದೋ ಜೇಬಿನಲ್ಲಿದೆ. ಆಗ ಕೇಳಿ: ‘ಡಬ್ಬಿ ನೋಡಿಕೊಳ್ಳೋದು ಯಾರು? ಹೊಸದು ತರೋಕೆ ಯಾರು ಕೊಡ್ತಾರೆ? ತಗೊಂಡೋರು ವಾಪಸ್ ಇಡದೇ ಇದ್ರೆ?’ ತೆರಿಗೆ, ಅಧಿಕಾರಿ, ಕಾನೂನು ಎಂಬ ಪದಗಳನ್ನು ಹೇಳುವ ಮೊದಲೇ ಮೂರೂ ಬಂದಾಯಿತು.

ಸರ್ಕಾರದ ಮೂರು ಕೆಲಸ ತೋರಿಸಲು ಚೆಂಡಾಟ ಸಾಕು. ನಿಯಮ ಮಾಡುವವರು, ಆಟ ನಡೆಸುವವರು, ಔಟೋ ಅಲ್ಲವೋ ಎಂದು ಹೇಳುವವರು. ಒಮ್ಮೆ ಬೇಕೆಂದೇ ಮೂರನ್ನೂ ನೀವೇ ವಹಿಸಿಕೊಂಡು, ನಿಮಗೆ ಅನುಕೂಲವಾಗುವಂತೆ ನಡುವೆ ನಿಯಮ ಬದಲಿಸಿ. ‘ಮೋಸ!’ ಎಂಬ ಕೂಗು ಬರಲು ತಡವಾಗುವುದಿಲ್ಲ. ಬಂದ ಕೂಡಲೇ ಗುಟ್ಟು ಬಿಚ್ಚಿ. ಎಳೆದರೆ ಮಗು ನಿಜವಾಗಿಯೇ ನೊಂದುಕೊಳ್ಳುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ಇದೇ ಮೂರು ಅಧಿಕಾರಗಳನ್ನು ಒಂದೇ ಕೈಗೆ ಕೊಡಬಾರದೆಂದು ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ವಾದಿಸಿದ. ಅದು ನಿಮಗೆ ಗೊತ್ತಿದ್ದರೆ ಸಾಕು, ಮಗುವಿಗೆ ಈಗಲೇ ಬೇಡ.

ಒಂದನೇ ತರಗತಿ, 32 ಮಕ್ಕಳು. ಗೋಡೆಯ ಮೇಲೆ ಚಂದವಾಗಿ ಹತ್ತು ನಿಯಮ ಬರೆದು ಹಾಕಿದ್ದೇನೆ. ದಿನಾ ಬೆಳಿಗ್ಗೆ ಒಕ್ಕೊರಲಿನಿಂದ ಓದುತ್ತಾರೆ. ಓದಿ ಮುಗಿಸಿದ ಮರುಕ್ಷಣವೇ ತಳ್ಳಾಟ. ಎಲ್ಲಿ ತಪ್ಪಿದೆ?

ಮೂರು ಕಡೆ. ಹತ್ತು ಜಾಸ್ತಿಯಾಯಿತು, ಬರೆದವರು ನೀವೊಬ್ಬರೇ, ಮತ್ತು ಬಹುಶಃ ಅವುಗಳಲ್ಲಿ ಹೆಚ್ಚಿನವು ‘ಬೇಡ’ ಎಂದು ಮುಗಿಯುತ್ತವೆ.

ಆರು ವರ್ಷದವರಿಗೆ ನಾಲ್ಕು, ಹೆಚ್ಚೆಂದರೆ ಐದು ನಿಯಮ. ‘ಓಡಬೇಡಿ’ ಎಂದಾಗ ಮಗುವಿನ ಕಿವಿಗೆ ಮೊದಲು ಬೀಳುವುದು ‘ಓಡು’. ಏನು ಮಾಡಬಾರದೆಂದು ತಿಳಿಯಿತು, ಏನು ಮಾಡಬೇಕೆಂದು ತಿಳಿಯಲಿಲ್ಲ. ‘ಕೋಣೆಯೊಳಗೆ ನಡೆದು ಹೋಗೋಣ’ ಎಂದರೆ ಕಾಲಿಗೆ ಕೆಲಸ ಸಿಕ್ಕಿತು. ‘ಒಬ್ಬರನ್ನೊಬ್ಬರು ಗೌರವಿಸೋಣ’ ಎಂಬುದು ಕೇಳಲು ಚೆನ್ನ, ಮಾಡಲು ಏನೂ ಇಲ್ಲ. ಅದನ್ನು ‘ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ’ ಎಂದು ಇಳಿಸಿ. ಪರೀಕ್ಷೆ ಸುಲಭ: ಆ ನಿಯಮವನ್ನು ಒಂದು ಮಗು ಎದ್ದುನಿಂತು ಅಭಿನಯಿಸಿ ತೋರಿಸಬಲ್ಲದೇ? ತೋರಿಸಲಾಗದಿದ್ದರೆ ಅದು ಘೋಷಣೆ.

ಈಗ ಹಳೆಯ ಪಟ್ಟಿ ಇಳಿಸಿ, ಮೂರು ದಿನ, ದಿನಕ್ಕೆ 15 ನಿಮಿಷ ಕೊಡಿ. ಮೊದಲ ದಿನ ನಿಯಮದ ಮಾತೇ ಎತ್ತಬೇಡಿ. ‘ನಮ್ಮ ಕ್ಲಾಸಲ್ಲಿ ಯಾವಾಗ ಬೇಜಾರಾಗುತ್ತೆ, ಯಾವಾಗ ನೋವಾಗುತ್ತೆ?’ ಎಂದಷ್ಟೇ ಕೇಳಿ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾ ಹೋಗಿ: ಬಾಗಿಲ ಬಳಿ ತಳ್ಳಾಟ, ಪೆನ್ಸಿಲ್ ಕಿತ್ತುಕೊಳ್ಳುವುದು, ಮಾತಿನ ನಡುವೆ ಬಾಯಿ ಹಾಕುವುದು. ಯಾರ ಹೆಸರೂ ಬರಬಾರದು. ‘ಅವನು ಮಾಡ್ತಾನೆ’ ಎಂದ ಕೂಡಲೇ ‘ಯಾರು ಅಂತ ಬೇಡ, ಏನಾಯ್ತು ಅಂತ ಹೇಳು’ ಎಂದು ತಿರುಗಿಸಿ. ಎರಡನೇ ದಿನ ಅವುಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೂ ಏನು ಮಾಡೋಣ ಎಂದು ಕೇಳಿ. ಮೂರನೇ ದಿನ ಅಭಿನಯ ಪರೀಕ್ಷೆ, ಆಮೇಲೆ ಇನ್ನೊಂದು ಪ್ರಶ್ನೆ: ‘ಇದು ಮಿಸ್‌ಗೂ ಅನ್ವಯಿಸುತ್ತಾ?’ ಹೌದು ಎನ್ನಲು ನಿಮಗೆ ಧೈರ್ಯವಿಲ್ಲದ ನಿಯಮವನ್ನು ಪಟ್ಟಿಗೆ ಹಾಕಬೇಡಿ. ಕೂಗಬಾರದೆಂಬ ನಿಯಮ ಮಾಡಿ, ಅದನ್ನು ಪಾಲಿಸಿ ಎಂದು ಕೂಗುವ ಶಿಕ್ಷಕರನ್ನು ಮಕ್ಕಳು ಬಹಳ ಬೇಗ ಗುರುತಿಸುತ್ತಾರೆ.

ಕೆಲವು ನಿಯಮಗಳು ಚರ್ಚೆಗೆ ಬರುವುದಿಲ್ಲ. ಬೆಂಕಿಯ ಗಂಟೆ ಹೊಡೆದಾಗ ಸಾಲಾಗಿ ಹೊರಗೆ ಹೋಗುವುದು, ಗೇಟು ದಾಟಿ ಒಂಟಿಯಾಗಿ ಹೋಗದಿರುವುದು. ‘ಇವೆರಡು ದೊಡ್ಡವರು ಮಾಡಿದ್ದು, ವೋಟಿಲ್ಲ, ಕಾರಣ ಇದು’ ಎಂದು ಮೊದಲೇ ಹೇಳಿ ಬೇರೆ ಬಣ್ಣದಲ್ಲಿ ಬರೆಯಿರಿ. ಮಕ್ಕಳೇ ಮಾಡಿದ್ದು ಎಂದು ನಟಿಸಿ, ಕೊನೆಗೆ ನಿಮಗೆ ಬೇಕಾದ್ದನ್ನೇ ಬರೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರಿಂದ ಅವರು ಕಲಿಯುವುದು ತೋರಿಕೆಯ ಪ್ರಜಾಪ್ರಭುತ್ವವನ್ನು.

ಶಿಕ್ಷೆಯ ತೀರ್ಮಾನ ಮಾತ್ರ ಈ ವಯಸ್ಸಿನವರ ಕೈಗೆ ಕೊಡಬೇಡಿ. ‘ತಳ್ಳಿದವರು ಇಡೀ ವಾರ ಆಡಲೇಬಾರದು’ ಎಂಬಂಥ ಸಲಹೆಗಳು ಬಂದೇ ಬರುತ್ತವೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಗೋಲಿಯಾಡುವ ಮಕ್ಕಳನ್ನು ಗಮನಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೇ ಇದು ಕಾಣುತ್ತದೆ: ಕಿರಿಯರಿಗೆ ಶಿಕ್ಷೆ ಕಠಿಣವಾದಷ್ಟೂ ನ್ಯಾಯ ಅನ್ನಿಸುತ್ತದೆ. ಆಟದ ನಿಯಮಗಳು ಹಿರಿಯರಿಂದ ಬಂದವು, ಬದಲಿಸುವಂತಿಲ್ಲ ಎಂದು ಗಂಭೀರವಾಗಿ ಹೇಳುವ ಮಕ್ಕಳೇ ಆಡಲಿಳಿದಾಗ ತಮಗೆ ತೋಚಿದಂತೆ ಆಡುತ್ತಿದ್ದುದನ್ನೂ ಅವರು ಕಂಡರು. ನಿಮ್ಮ 32 ಮಕ್ಕಳು ಬೆಳಿಗ್ಗೆ ಓದಿ ಮರುಕ್ಷಣ ತಳ್ಳಾಡುವುದರಲ್ಲಿ ಹೊಸತೇನಿಲ್ಲ.

ಎರಡು ವಾರ ಬಿಟ್ಟು ಪಟ್ಟಿಯ ಮುಂದೆ ಮತ್ತೆ ಕೂತು, ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ನೋಡಿ. ಒಂದನ್ನಾದರೂ ಅವರ ಕಣ್ಣೆದುರೇ ಹೊಡೆದುಹಾಕಿ ತಿದ್ದಿ ಬರೆಯಿರಿ. ಹಳೆಯ ಸಾಲು ಗೀಟಿನಡಿ ಕಾಣುವಂತೆಯೇ ಇರಲಿ. ನಿಯಮ ಬದಲಾಗಬಲ್ಲದು, ಆದರೆ ಸೇರಿ ಮಾತಾಡಿದ ಮೇಲಷ್ಟೇ ಎಂಬುದನ್ನು ಆ ಗೀಟು ಹೇಳುತ್ತದೆ. ಹೊಸ ಹಾಳೆಯಲ್ಲಿ ನೀಟಾಗಿ ಬರೆದು ಹಾಕಿದರೆ ಅದು ಕಾಣದಂತಾಗುತ್ತದೆ.

ಕ್ಲಾಸ್ ಲೀಡರ್ ಚುನಾವಣೆ ಮಾಡಿದೆವು. ಎಲ್ಲರಿಗೂ ಇಷ್ಟವಾದ ಹುಡುಗನೇ ಗೆದ್ದ. ಮೂರು ವೋಟು ಬಿದ್ದ ಹುಡುಗಿ ಅತ್ತು ಎರಡು ದಿನ ಶಾಲೆಗೆ ಬರಲಿಲ್ಲ. ಇನ್ನು ವೋಟೇ ಬೇಡವೆಂದು ಬಿಟ್ಟುಬಿಡುವುದೇ?

ಬಿಡಬೇಡಿ. ಏಳು ವರ್ಷದವರೆಗೆ ವ್ಯಕ್ತಿಗಳಿಗೆ ವೋಟು ಹಾಕಿಸಬೇಡಿ, ವಿಷಯಗಳಿಗೆ ಹಾಕಿಸಿ. ಆ ವಯಸ್ಸಿನಲ್ಲಿ ‘ನನಗೆ ಮೂರು ವೋಟು’ ಎಂಬುದು ‘ನಾನು ಮೂರೇ ಜನಕ್ಕೆ ಬೇಕು’ ಎಂದು ಕೇಳಿಸುತ್ತದೆ. ಲೀಡರ್ ಕೆಲಸವನ್ನು ಬೋರ್ಡ್ ಒರೆಸುವುದು, ಪುಸ್ತಕ ಹಂಚುವುದು, ಸಾಲಿನ ಮುಂದೆ ನಿಲ್ಲುವುದು ಎಂದು ಒಡೆದು, ಚೀಟಿ ಎತ್ತಿ ವಾರಕ್ಕೊಬ್ಬರಿಗೆ ಕೊಡಿ. ಚೀಟಿ ಎತ್ತುವುದು ಕೀಳಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಹೆಚ್ಚಿನ ಹುದ್ದೆಗಳನ್ನು ಚೀಟಿ ಎತ್ತುವಂಥ ಕ್ರಮದಲ್ಲೇ ತುಂಬುತ್ತಿದ್ದರು, ಚುನಾವಣೆ ಇದ್ದದ್ದು ಸೇನಾಪತಿಯಂಥ ಕೆಲವೇ ಹುದ್ದೆಗಳಿಗೆ.

ವಿಷಯಕ್ಕೆ ವೋಟು ಅಂದರೆ ‘ಶುಕ್ರವಾರ ಯಾವ ಆಟ?’ ಎಂಬಂಥದ್ದು. ಕೈ ಎತ್ತಿಸಬೇಡಿ. ಎತ್ತಿಸಿದರೆ ಗೆಳೆಯನ ಕೈ ನೋಡಿ ಕೈ ಎತ್ತುತ್ತಾರೆ, ಕೆಲವರು ಎರಡಕ್ಕೂ ಎತ್ತುತ್ತಾರೆ. ಒಬ್ಬೊಬ್ಬರಿಗೆ ಅಂಗಿಯ ಗುಂಡಿ ಒಂದೇ ಒಂದು ಕೊಡಿ, ಎಲ್ಲ ಒಂದೇ ಬಣ್ಣದವು. ಎರಡು ಡಬ್ಬಿಗಳ ಮೇಲೆ ಆಟದ ಚಿತ್ರ ಅಂಟಿಸಿ ಪರದೆಯ ಹಿಂದೆ ಇಡಿ. ಶುರುವಾಗುವ ಮುನ್ನ ಡಬ್ಬಿಗಳನ್ನು ತಲೆಕೆಳಗು ಮಾಡಿ ಖಾಲಿಯೆಂದು ತೋರಿಸಿ. ಗುಂಡಿ ಕೈಗೆ ಕೊಡುವಾಗ ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಹಾಕಿ. ಡಬ್ಬಿಯ ತಳದಲ್ಲಿ ಬಟ್ಟೆ ಹಾಸಿರಿ, ಇಲ್ಲವಾದರೆ ಟಣ್ ಎಂಬ ಸದ್ದಿಗೇ ಯಾವ ಡಬ್ಬಿಗೆ ಬಿತ್ತೆಂದು ಹೊರಗಿದ್ದವರಿಗೆ ಗೊತ್ತಾಗುತ್ತದೆ. ಎಣಿಸುವಾಗ ಒಂದೊಂದೇ ಗುಂಡಿಯನ್ನು ಎಲ್ಲರ ಎದುರು ಗಟ್ಟಿಯಾಗಿ ಎಣಿಸಿ. ಎರಡೂ ಡಬ್ಬಿಯ ಮೊತ್ತ ಪಟ್ಟಿಯ ಗುರುತುಗಳಿಗೆ ಸರಿಹೊಂದಬೇಕು. ಹೊಂದದಿದ್ದರೆ ಮತ್ತೆ ವೋಟು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು 1856ರಲ್ಲಿ ಗುಪ್ತ ಮತದಾನವನ್ನು ಕಾನೂನು ಮಾಡಿದ್ದು ಯಾಕೆಂದು ಮುಂದೊಂದು ದಿನ ಈ ಮಕ್ಕಳಿಗೆ ವಿವರಿಸಬೇಕಾಗುವುದಿಲ್ಲ.

ಆಯ್ಕೆ ಎರಡೇ ಇರಲಿ. ಮೂರಿದ್ದರೆ ಹೀಗಾಗಬಹುದು: 30 ಮಕ್ಕಳಲ್ಲಿ 12, 10, 8 ವೋಟು ಬಿದ್ದು 12 ಬಂದದ್ದು ಗೆದ್ದಿತು, ಆದರೆ 18 ಮಕ್ಕಳಿಗೆ ಅದು ಬೇಕಿರಲಿಲ್ಲ. ಎಂಟು ವರ್ಷದವರಾದರೆ ಇದನ್ನೇ ಪಾಠ ಮಾಡಿ, ಮೇಲಿನ ಎರಡರ ನಡುವೆ ಎರಡನೇ ಸುತ್ತು ನಡೆಸಬಹುದು. ಸೋತವರಿಗೂ ಏನಾದರೂ ಸಿಗಬೇಕು, ಮುಂದಿನ ಶುಕ್ರವಾರ ಅವರ ಆಟ. ಪ್ರತಿ ಸಲವೂ ಅದೇ ಹತ್ತು ಮಕ್ಕಳು ಸೋಲುತ್ತಿದ್ದರೆ ಅವರಿಗೆ ವೋಟಿನ ಮೇಲೆ ಯಾಕೆ ನಂಬಿಕೆ ಬರಬೇಕು?

ಒಂದು ಎಚ್ಚರಿಕೆ. ‘ಇವಳನ್ನು ಆಟಕ್ಕೆ ಸೇರಿಸಿಕೊಳ್ಳೋಣವಾ ಬೇಡವಾ’ ಎಂಬುದಕ್ಕೆ ಎಂದೂ ವೋಟಿಲ್ಲ, 31 ಮಕ್ಕಳು ಒಂದು ಕಡೆ ಇದ್ದರೂ ಇಲ್ಲ. ಯಾವುದಕ್ಕೆ ವೋಟು ಹಾಕುವಂತಿಲ್ಲ ಎಂಬುದು ವೋಟು ಹಾಕುವುದರಷ್ಟೇ ಮುಖ್ಯ ಪಾಠ.

‘ತಪ್ಪು ಮಾಡಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ’ ಎಂದು ಮೊಮ್ಮಗನಿಗೆ ಹೇಳಿದ್ದಕ್ಕೆ ಸೊಸೆ ಬೇಸರ ಮಾಡಿಕೊಂಡಳು. ನಾವೂ ಹಾಗೇ ಬೆಳೆದವರಲ್ಲವೇ? ಸ್ವಲ್ಪ ಭಯ ಇದ್ದರೆ ಒಳ್ಳೆಯದು ತಾನೇ?

ಸೊಸೆಯ ಮಾತೇ ಸರಿ, ಹಿರಿಯರೇ. ಜಾತ್ರೆಯಂಥ ಗುಂಪಿನಲ್ಲಿ ಮೊಮ್ಮಗ ಕೈತಪ್ಪಿದ ಎಂದುಕೊಳ್ಳಿ. ಎದುರಿಗೆ ಸಮವಸ್ತ್ರದವರು ಕಂಡರೆ ಅವನು ಹತ್ತಿರ ಹೋಗಬೇಕೋ, ಬಚ್ಚಿಟ್ಟುಕೊಳ್ಳಬೇಕೋ? ಭಯಕ್ಕೆ ಇನ್ನೊಂದು ತೊಂದರೆಯಿದೆ. ‘ಪೊಲೀಸ್ ಹಿಡೀತಾರೆ’ ಎಂದರೆ, ಪೊಲೀಸರು ಇಲ್ಲದ ಕಡೆ ಏನು ಮಾಡಿದರೂ ನಡೆಯುತ್ತದೆ ಎಂದೂ ಅರ್ಥವಾಗುತ್ತದೆ. ಮಕ್ಕಳ ತರ್ಕ ಅಷ್ಟು ಚುರುಕು.

ಭಯದ ಬದಲು ಕಾರಣ ಹೇಳಿ, ಮತ್ತು ಎರಡು ಬಗೆಯ ಕಾರಣಗಳನ್ನು ಬೇರೆಬೇರೆ ಇಡಿ. ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯುರಿಯೆಲ್ ಮತ್ತು ಅದೇ ಹಾದಿಯ ಸಂಶೋಧಕರು ಮಕ್ಕಳಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ನೀವೂ ಕೇಳಬಹುದು: ‘ಹೊಡೀಬಾರದು ಅಂತ ರೂಲ್ಸೇ ಇಲ್ಲ ಅಂದ್ಕೋ, ಮಿಸ್ಸೂ ಪರವಾಗಿಲ್ಲ ಅಂದ್ರು. ಆಗ ಹೊಡೀಬಹುದಾ?’ ಮೂರು-ನಾಲ್ಕು ವರ್ಷದವರೂ ಸಾಮಾನ್ಯವಾಗಿ ‘ಆಗಲೂ ತಪ್ಪು, ನೋವಾಗುತ್ತೆ’ ಎನ್ನುತ್ತಾರೆ. ‘ಸಮವಸ್ತ್ರ ಹಾಕ್ಕೋಬೇಕು ಅಂತ ರೂಲ್ಸಿಲ್ಲ ಅಂದ್ರೆ?’ ಎಂದರೆ ‘ಆಗ ಬೇಡ’ ಎನ್ನುತ್ತಾರೆ. ಒಂದು, ಯಾರಿಗೂ ನೋವಾಗಬಾರದೆಂಬ ನಿಯಮ. ಇನ್ನೊಂದು, ಎಲ್ಲರೂ ಒಂದೇ ರೀತಿ ನಡೆದರೆ ಗೊಂದಲವಾಗದು ಎಂಬ ಒಪ್ಪಂದ.

ಎರಡನೆಯದಕ್ಕೆ ಸ್ವೀಡನ್ನಿನ ಸಂಗತಿ ಹೇಳಿ, ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ. ಅಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಹೋಗುತ್ತಿದ್ದವು. 1967ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ 5 ಗಂಟೆಗೆ ಇಡೀ ದೇಶ ಬಲಬದಿಗೆ ಬದಲಾಯಿತು. ಎಡವೂ ಸರಿ, ಬಲವೂ ಸರಿ; ಅರ್ಧ ಜನ ಎಡ, ಅರ್ಧ ಜನ ಬಲ ಎಂದರೆ ಮಾತ್ರ ಡಿಕ್ಕಿ. ಆಟಿಕೆ ಕಾರುಗಳನ್ನು ನೆಲದ ಮೇಲೆ ಓಡಿಸಿ ತೋರಿಸಿದರೆ ಎರಡೇ ನಿಮಿಷದ ಕೆಲಸ.

ಟಿಕೆಟ್ ಉಳಿಸಲು ಮಗನ ವಯಸ್ಸು ಒಂದು ವರ್ಷ ಕಡಿಮೆ ಹೇಳಿದೆ. ಅವನು ಎಲ್ಲರೆದುರು ‘ಅಪ್ಪಾ, ನಂಗೆ ಆರಲ್ವಾ?’ ಎಂದ. ಈಗ ಏನು ಹೇಳಲಿ?

‘ಆರೇ. ನಾನು ಸುಳ್ಳು ಹೇಳಿದೆ, ಅದು ತಪ್ಪು’ ಎಂದು ಹೇಳಿ. ಮುಂದಿನ ಸಲ ಅವನೆದುರೇ ಪೂರ್ತಿ ಟಿಕೆಟ್ ಕೊಳ್ಳಿ. ‘ಎಲ್ಲರೂ ಹಾಗೇ ಮಾಡ್ತಾರೆ’ ಎಂದು ಮಾತ್ರ ಹೇಳಬೇಡಿ. ಆ ವಾಕ್ಯ ನಾಳೆ ಅವನ ಬಾಯಿಂದ ನಿಮಗೇ ವಾಪಸ್ ಬರುತ್ತದೆ.

ಪೆನ್ಸಿಲ್ ಕದ್ದ ಜಗಳವನ್ನು ಕ್ಲಾಸಿನಲ್ಲೇ ‘ಕೋರ್ಟು’ ಮಾಡಿ ವಿಚಾರಣೆ ನಡೆಸಿದರೆ ನ್ಯಾಯಾಲಯದ ಪಾಠವೂ ಆಗುತ್ತದೆ ಎಂದುಕೊಂಡಿದ್ದೇನೆ. ಸರಿಯೇ?

ನಿಜವಾದ ಜಗಳವನ್ನು ಕೋರ್ಟು ಮಾಡಬೇಡಿ. ತೀರ್ಪು ಮುಗಿದರೂ ‘ಕಳ್ಳ’ ಎಂಬ ಹೆಸರು ಆ ಮಗುವಿಗೆ ವರ್ಷವಿಡೀ ಅಂಟಿಕೊಳ್ಳುತ್ತದೆ. ನಿಜದ ಜಗಳಕ್ಕೆ ಬಾಗಿಲ ಹೊರಗೆ ಐದು ನಿಮಿಷ ಸಾಕು. ಒಬ್ಬರು ಹೇಳಿ ಮುಗಿಸುವವರೆಗೆ ಇನ್ನೊಬ್ಬರು ಸುಮ್ಮನಿರಲಿ. ಆಮೇಲೆ ಪೆನ್ಸಿಲ್ ವಾಪಸ್, ಮುರಿದಿದ್ದರೆ ಸರಿಮಾಡಿಕೊಡುವುದು ಹೇಗೆಂಬ ಮಾತು. ಕ್ಷಮೆಯನ್ನು ಬಲವಂತದಿಂದ ಹೇಳಿಸಿದರೆ ಗೊಣಗಾಟ ಮಾತ್ರ ಸಿಗುತ್ತದೆ.

ಕೋರ್ಟಿನ ಆಟಕ್ಕೆ ಕಟ್ಟುಕಥೆ ಹುಡುಕಿ. ಮೊಲದ ಗೂಡಿನ ಮುಂದೆ ನರಿಯ ಹೆಜ್ಜೆ ಗುರುತು ಇದೆ, ಗಜ್ಜರಿ ಕಾಣೆಯಾಗಿದೆ. ಇಬ್ಬರು ಮೊಲದ ಪರ, ಇಬ್ಬರು ನರಿಯ ಪರ, ಮೂವರು ನ್ಯಾಯಾಧೀಶರು. ಕಥೆಯಲ್ಲಿ ಸಾಕ್ಷಿ ಬೇಕೆಂದೇ ಸಾಲದಂತಿರಲಿ. ಹೆಜ್ಜೆ ಗುರುತು ಇದ್ದ ಮಾತ್ರಕ್ಕೆ ಕದ್ದದ್ದು ನರಿಯೇ? ‘ಗೊತ್ತಿಲ್ಲ, ಆದ್ದರಿಂದ ಶಿಕ್ಷೆಯಿಲ್ಲ’ ಎಂಬ ತೀರ್ಪಿಗೆ ಏಳು ವರ್ಷದವರು ತಲುಪಿದರೆ ಬಹಳ ದೂರ ಬಂದರೆಂದು ತಿಳಿಯಿರಿ.

ವಾರಕ್ಕೊಂದು ಮೌಲ್ಯ ಎಂದು ಪ್ರಾಮಾಣಿಕತೆ, ಸಹನೆ, ಸಮಾನತೆ ಬರೆಸುತ್ತೇವೆ. ಅರ್ಥ ಕೇಳಿದರೆ ಉರುಹೊಡೆದದ್ದು ಒಪ್ಪಿಸುತ್ತಾರೆ, ಅಷ್ಟೇ.

ಒಂಟಿ ಮೌಲ್ಯದ ಬಗ್ಗೆ ಯೋಚಿಸಲು ಏನೂ ಇರುವುದಿಲ್ಲ, ಎಲ್ಲರೂ ಒಪ್ಪಿಯೇ ಇರುತ್ತಾರೆ. ಎರಡನ್ನು ಎದುರುಬದುರು ನಿಲ್ಲಿಸಿ. ಗೆಳತಿ ಬರೆದ ಚಿತ್ರ ಚೆನ್ನಾಗಿಲ್ಲ, ಅವಳು ಹೇಗಿದೆ ಎಂದು ಕೇಳುತ್ತಾಳೆ: ಸತ್ಯವೋ, ದಯೆಯೋ? ಒಬ್ಬನ ಕಾಲಿಗೆ ಪೆಟ್ಟಾಗಿದೆ, ಅವನಿಗೆ ಸಾಲಿನಲ್ಲಿ ಮುಂದೆ ಜಾಗ ಕೊಟ್ಟರೆ ಅದು ಸಮಾನತೆಯೋ ಅಲ್ಲವೋ? ಉತ್ತರ ನೀವು ಹೇಳಬೇಡಿ. ವಾರಕ್ಕೊಂದು ಬೇಡ, ತಿಂಗಳಿಗೊಂದು ಸಾಕು.

ಎರಡನೇ ತರಗತಿಯ ಹುಡುಗ ಮನೆಯಲ್ಲಿ ಕೇಳಿದ ಪಕ್ಷದ ಘೋಷಣೆ ಕೂಗಿದ, ಇನ್ನೊಬ್ಬ ಎದುರು ಕೂಗಿದ. ಪೋಷಕರಿಂದ ದೂರು. ರಾಜಕೀಯದ ಮಾತನ್ನೇ ನಿಷೇಧಿಸಲೇ?

ನಿಷೇಧಿಸಿದರೆ ಅದು ಆಟದ ಮೈದಾನಕ್ಕೆ ಹೋಗಿ ಇನ್ನೂ ಜೋರಾಗುತ್ತದೆ. ‘ಕೆಲವರು ಇವರು ಬೇಕು ಅಂತಾರೆ, ಕೆಲವರು ಅವರು ಬೇಕು ಅಂತಾರೆ, ಅದಕ್ಕೇ ವೋಟು ಇರೋದು’ ಎಂದು ಒಂದೇ ವಾಕ್ಯ ಹೇಳಿ ಮುಂದಕ್ಕೆ ಹೋಗಿ. ನಿಮ್ಮ ಒಲವು ಯಾವ ಕಡೆಗೆಂದು ಕೇಳಿದರೆ ಹೇಳಬೇಡಿ. ಇನ್ನೊಬ್ಬರ ಮನೆ, ಭಾಷೆ, ನಂಬಿಕೆಯನ್ನು ಹೀಯಾಳಿಸುವ ಮಾತು ಬಂದರೆ ಮಾತ್ರ ಅಲ್ಲೇ ತಡೆಯಿರಿ. ಅದು ಅಭಿಪ್ರಾಯವಲ್ಲ, ಪೆಟ್ಟು.

‘ದೊಡ್ಡವರು ಹೇಳಿದ್ದನ್ನೆಲ್ಲ ಕೇಳಬೇಕು’ ಎಂದು ಕಲಿಸಿದ್ದೇವೆ. ಈಗ ನಿಯಮವನ್ನು ಪ್ರಶ್ನಿಸಬಹುದು ಎಂದರೆ ಮಕ್ಕಳು ಕೈಗೆ ಸಿಗುತ್ತಾರೆಯೇ?

ಆ ‘ಎಲ್ಲ’ ಎಂಬ ಪದವೇ ಅಪಾಯ. ಮಗುವಿಗೆ ಕೇಡು ಮಾಡಬಯಸುವ ದೊಡ್ಡವರೂ ಹೇಳುವುದು ಅದನ್ನೇ: ನಾನು ಹೇಳಿದ್ದು ಕೇಳು, ಯಾರಿಗೂ ಹೇಳಬೇಡ. ಅದಕ್ಕೆ ನಾಲ್ಕನೇ ವರ್ಷಕ್ಕೇ ಒಂದು ಹೊರತು ಕಲಿಸಿ: ಮೈ ಮುಟ್ಟುವ ವಿಷಯದಲ್ಲಿ ಬೇಡ ಅನ್ನಿಸಿದರೆ, ಯಾರಿಗಾದರೂ ನೋವು ಮಾಡಲು ಹೇಳಿದರೆ, ಅಪ್ಪ-ಅಮ್ಮನಿಂದ ಮುಚ್ಚಿಡು ಎಂದರೆ, ಹೇಳಿದವರು ಯಾರೇ ಆಗಲಿ ಕೇಳಬೇಕಿಲ್ಲ. ಬಂದು ಹೇಳಿದರೆ ಬೈಯುವುದಿಲ್ಲ. ಈ ಕೊನೆಯ ಮಾತನ್ನು ನೀವು ಒಮ್ಮೆ ಮುರಿದರೆ ಮಗು ಎರಡನೇ ಸಲ ಬರುವುದಿಲ್ಲ.

ಉಳಿದ ನಿಯಮಗಳಿಗೆ ಪ್ರಶ್ನಿಸುವ ದಾರಿಯನ್ನೂ ಕಲಿಸಬೇಕು. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎನ್ನುತ್ತದೆ. ವಯಸ್ಸು, ಬುದ್ಧಿ ಬೆಳೆದಷ್ಟು ಅದಕ್ಕೆ ತೂಕ ಕೊಡಬೇಕೆಂದೂ ಹೇಳುತ್ತದೆ. ಮಗು ಹೇಳಿದ್ದೇ ಆಗಬೇಕೆಂದು ಅದರಲ್ಲಿಲ್ಲ. ಮನೆಯಲ್ಲಿ ಹೀಗೆ ಮಾಡಿ: ನಿಯಮ ಇಷ್ಟವಿಲ್ಲದಿದ್ದರೆ ಈಗ ಪಾಲಿಸು, ರಾತ್ರಿ ಮಲಗುವ ಮುಂಚೆ ಬಂದು ಕಾರಣ ಹೇಳು. ಮಗು ಬಂದಾಗ ಮೊಬೈಲು ಕೆಳಗಿಟ್ಟು ಎರಡು ನಿಮಿಷ ಕೇಳಿ, ‘ಬದಲಿಸ್ತೀನಿ’ ಅಥವಾ ‘ಬದಲಿಸಲ್ಲ, ಯಾಕೆಂದ್ರೆ’ ಎಂದು ಉತ್ತರ ಕೊಡಿ. ‘ಯಾಕೆಂದ್ರೆ’ ಎಂಬುದರ ಮುಂದೆ ಹೇಳಲು ಏನೂ ಹೊಳೆಯದಿದ್ದರೆ, ಆ ನಿಯಮವನ್ನು ನೀವು ಬಿಟ್ಟುಕೊಡಬಹುದು.